ಕೈ ಅಲುಗದೆ ಬರೆಯೋದು ಹೇಗೆ?

[ಪರದೆ: ಒಂದೊಂದೇ ಇಂಗ್ಲಿಷ್ ಅಕ್ಷರ ಮೂಡುತ್ತದೆ. ಪೆನ್ನಿಲ್ಲ, ಕೀಬೋರ್ಡ್ ಇಲ್ಲ.]

ಇದನ್ನ ಬರೆದವರಿಗೆ ಆಗ 65 ವರ್ಷ. ಬೆನ್ನುಹುರಿಗೆ ಪೆಟ್ಟಾಗಿ, ಕತ್ತಿನಿಂದ ಕೆಳಗೆ ದೇಹ ಹೆಚ್ಚುಕಮ್ಮಿ ಸ್ವಾಧೀನದಲ್ಲಿಲ್ಲ. ಆದರೂ ನಿಮಿಷಕ್ಕೆ 90 ಅಕ್ಷರ ಬರೆದರು! ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗ ಇದು.

ಸುದ್ದಿಯವರು ಇದಕ್ಕೆ "ಮನಸ್ಸು ಓದುವ ಯಂತ್ರ" ಅಂತ ಹೆಸರಿಟ್ಟುಬಿಡ್ತಾರೆ. ಅಲ್ಲ. ಕಂಪ್ಯೂಟರ್‌ಗೆ ಸಿಗೋದು ಕೈಗೆ ಹೊರಟ ಆಜ್ಞೆ ಮಾತ್ರ. ಬೆನ್ನುಹುರಿಯಲ್ಲಿ ದಾರಿ ಕಡಿದು ಎಷ್ಟೋ ವರ್ಷವಾದ್ರೂ, ಮೆದುಳು ಆ ಆಜ್ಞೆ ಕೊಡೋದನ್ನ ಮರೆತಿರಲಿಲ್ಲ.

[ಅನಿಮೇಶನ್: ಮೆದುಳಿನ ಮೇಲ್ಪದರ, ಎರಡು ಪುಟ್ಟ ಚಿಪ್]

ಕೈಯ ಚಲನೆ ನೋಡಿಕೊಳ್ಳುವ ಜಾಗದಲ್ಲಿ ಎರಡು ಚಿಪ್ ಕೂರಿಸಿದ್ದರು. ಒಂದೊಂದರಲ್ಲೂ ಸುಮಾರು ನೂರು ಸೂಜಿ ಎಲೆಕ್ಟ್ರೋಡ್. ಪಕ್ಕದ ನರಕೋಶಗಳು ಮಿಡಿದಾಗಲೆಲ್ಲ ಅವು ಹಿಡಿದುಕೊಳ್ತವೆ. ಮೆದುಳಿನಲ್ಲಿರೋದು ಸುಮಾರು 8,600 ಕೋಟಿ ನರಕೋಶ. ಇಲ್ಲಿ ಕೇಳಿಸಿದ್ದು ಕೆಲವೇ ನೂರರ ಸದ್ದು. ಅಷ್ಟೇ ಸಾಕಾಯ್ತು.

ಆ ವ್ಯಕ್ತಿ ಮಾಡಿದ್ದಿಷ್ಟು: ಪೆನ್ನು ಹಿಡಿದು ಹಾಳೆ ಮೇಲೆ ಬರೆಯಲು ಮನಸ್ಸಿನಲ್ಲೇ ಪ್ರಯತ್ನಿಸೋದು. ತಮಾಷೆಯ ತೊಡಕು ಅಂದ್ರೆ, ಕೈ ಆಡೋದೇ ಇಲ್ಲ. ಹಾಗಾದ್ರೆ 'ಎ' ಯಾವಾಗ ಮುಗೀತು, 'ಬಿ' ಯಾವಾಗ ಶುರುವಾಯ್ತು, ಕಂಪ್ಯೂಟರ್‌ಗೆ ಹೇಳಿಕೊಡೋರು ಯಾರು? ಮಾತನ್ನು ಗುರುತಿಸೋ ಸಾಫ್ಟ್‌ವೇರ್‌ಗಳು ಪದಗಳ ಗಡಿ ಹುಡುಕುವ ವಿಧಾನವನ್ನೇ ಸಂಶೋಧಕರು ಇಲ್ಲಿಗೂ ತಂದರು.

ಇದಕ್ಕೂ ಮುಂಚೆ ಪರದೆಯ ಬಾಣವನ್ನ ಮನಸ್ಸಿನಿಂದಲೇ ಸರಿಸಿ, ಅಕ್ಷರ ಒತ್ತಿಸ್ತಿದ್ದರು. ಅದರಲ್ಲಿ ನಿಮಿಷಕ್ಕೆ 40 ಅಕ್ಷರ ಅಂದ್ರೆ ದೊಡ್ಡದು. ಬಾಣ ಸರಿಸೋದು ಸುಲಭ, ಬರೆಯೋದು ಕಷ್ಟ ಅಲ್ವಾ? ಆ ಕಷ್ಟವೇ ಲಾಭ. ಬಾಣ ಸರಿಯೋದು ನೇರ ಗೆರೆಯಲ್ಲಿ, ಆ ಗೆರೆಗಳೆಲ್ಲ ಮೆದುಳಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕಾಣ್ತವೆ. ಅಕ್ಷರಗಳಲ್ಲಿ ಬಾಗು, ತಿರುವು, ವೇಗ ಎಲ್ಲ ಬೇರೆ ಬೇರೆ, ಗುರುತು ಹಿಡಿಯೋದು ಸಲೀಸು. ಹೋಲುವ ಅಕ್ಷರಗಳಲ್ಲಿ ಮಾತ್ರ ಎಡವುತ್ತೆ. ನಮ್ಮ ಪ, ಷ, ವ, ಮ ಕೊಟ್ಟರೆ ಒದ್ದಾಡಬಹುದು ಅಂತ ನನ್ನ ಊಹೆ. ಒತ್ತಕ್ಷರದ ಮಾತಂತೂ ಆಮೇಲೆ.

[ಪರದೆ: ತಲೆಬುರುಡೆಯಿಂದ ಹೊರಬಂದ ಕೇಬಲ್]

ದೊಡ್ಡ ತಲೆನೋವು ಬೇರೆಯೇ ಇದೆ. ಇಲ್ಲಿ ಸಂಕೇತ ಹೊರಬರ್ತಿದ್ದದ್ದು ತಲೆಯಿಂದ ಇಳಿದ ತಂತಿಯ ಮೂಲಕ. ದಿನ ಕಳೆದಂತೆ ಸಂಕೇತ ಬದಲಾಗೋದ್ರಿಂದ ಕಂಪ್ಯೂಟರ್‌ಗೆ ಮತ್ತೆ ಪಾಠ ಬೇರೆ. 2024ರ ಜನವರಿಯಲ್ಲಿ ಇಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಕಂಪನಿ ಮೊದಲ ಬಾರಿಗೆ ಮನುಷ್ಯರಿಗೆ ಕೂರಿಸಿದ ಚಿಪ್‌ನಲ್ಲಿ ತಂತಿ ಹೊರಗಿಲ್ಲ. 1,024 ಎಲೆಕ್ಟ್ರೋಡ್, ಕೂದಲಿಗಿಂತ ತೆಳುವಾದ ಎಳೆಗಳ ಮೇಲೆ. ಕೆಲವೇ ವಾರಗಳಲ್ಲಿ ಆ ಎಳೆಗಳಲ್ಲಿ ಒಂದಷ್ಟು ಮೆದುಳಿನಿಂದ ಹಿಂದಕ್ಕೆ ಸರಿದವು. ಕಂಪನಿಯವರು ಸಾಫ್ಟ್‌ವೇರ್ ತಿದ್ದಿ, ಉಳಿದ ಎಳೆಗಳಿಂದಲೇ ಕೆಲಸ ಮುಂದುವರಿಸಿದರು.