ಕತ್ತಿ ಹಿಡಿದ ಮಾತ್ರಕ್ಕೆ ಕೈ ಪಳಗುವುದೇ?

ಕೇಳುಗರಿಗೆ ನಮಸ್ಕಾರ.

ಆಟಗಾರ ಒಂದು ಪಾತ್ರವನ್ನು ವಹಿಸಿಕೊಂಡು ಆಡುವ ರೋಲ್ ಪ್ಲೇಯಿಂಗ್ ವಿಡಿಯೊ ಗೇಮ್‌ಗಳಲ್ಲಿ ನಾಯಕನು ಹಂತಹಂತವಾಗಿ ಬಲಗೊಳ್ಳುವ ಏರ್ಪಾಡಿಗೆ ಲೆವೆಲಿಂಗ್ ಎಂದು ಹೆಸರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು 1974ರಲ್ಲಿ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟದಿಂದ ಇದು ಬಂತು. ಮೇಜಿನ ಸುತ್ತ ಕುಳಿತು ಆಡುವ ಆ ಆಟದಲ್ಲಿ ರಾಕ್ಷಸರನ್ನು ಕೊಂದವರಿಗೆ ಮಾತ್ರವಲ್ಲ, ನಿಧಿಯನ್ನು ಹೊತ್ತು ತಂದವರಿಗೂ ಅನುಭವದ ಅಂಕಗಳು ಸಿಗುತ್ತಿದ್ದವು. ಅಂಕಗಳು ಕೂಡಿದಂತೆ ಲೆವೆಲ್ ಏರಿ, ಕಾದಾಡುವ ಶಕ್ತಿಯೂ ಹೆಚ್ಚುತ್ತಿತ್ತು. ಚಿನ್ನ ಹೊತ್ತು ತಂದವನಿಗೆ ಕತ್ತಿವರಸೆ ಹೇಗೆ ಒಲಿಯಿತು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಆ ಪ್ರಶ್ನೆಗೆ ಕೆಲವು ವಿಡಿಯೊ ಗೇಮ್‌ಗಳು ಕೊಟ್ಟ ಉತ್ತರ, ಯಾವ ಕೆಲಸ ಮಾಡುತ್ತೀರೋ ಅದರಲ್ಲೇ ಪಳಗುತ್ತೀರಿ ಎಂಬುದು. ಜಪಾನಿನಲ್ಲಿ 1988ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ 2’ ಈ ದಾರಿ ಹಿಡಿಯಿತು. ಹೊಡೆತ ತಿಂದಷ್ಟೂ ದೇಹ ಗಟ್ಟಿಯಾಗುತ್ತದೆ ಎಂಬ ಅದರ ನಿಯಮ ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಆಟಗಾರರು ಶತ್ರುವನ್ನು ಬಿಟ್ಟು ತಮ್ಮ ತಂಡದವರನ್ನೇ ಬಡಿದು ಗಟ್ಟಿಮಾಡತೊಡಗಿದರು. ನೈಜತೆಗಾಗಿ ಬರೆದ ನಿಯಮದಿಂದ ಯಾವ ಯೋಧನೂ ಮಾಡದ ಕೆಲಸ ಹುಟ್ಟಿತು.

ಇದೇ ಕಥೆ ಹೆಚ್ಚು ವಿಸ್ತಾರವಾಗಿ ಕಾಣುವುದು ಬೆಥೆಸ್ಡಾ ಸಂಸ್ಥೆಯ ‘ಎಲ್ಡರ್ ಸ್ಕ್ರಾಲ್ಸ್’ ಸರಣಿಯಲ್ಲಿ. 2006ರ ‘ಆಬ್ಲಿವಿಯನ್’ನಲ್ಲಿ 21 ಕೌಶಲಗಳಿದ್ದು, ಅವುಗಳಲ್ಲಿ 7 ಕೌಶಲಗಳನ್ನು ಆಟಗಾರ ಮುಖ್ಯವೆಂದು ಆರಿಸಿಕೊಳ್ಳುತ್ತಾನೆ. ಆ ಏಳರಲ್ಲಿ ಒಟ್ಟು 10 ಏರಿಕೆಗಳಾದ ಮೇಲೆ ಎಲ್ಲಿಯಾದರೂ ಹಾಸಿಗೆ ಹುಡುಕಿ ನಿದ್ದೆ ಮಾಡಿದರೆ ಲೆವೆಲ್ ಏರುತ್ತದೆ. ಆಗ ಬಲ, ಬುದ್ಧಿ, ಚುರುಕುತನ ಮೊದಲಾದ 8 ಗುಣಗಳ ಪೈಕಿ ಮೂರನ್ನು ಹೆಚ್ಚಿಸಿಕೊಳ್ಳಬಹುದು. ಆದರೆ ಬಲಕ್ಕೆ ಪೂರ್ತಿ 5 ಅಂಕ ಬೇಕಾದರೆ, ಬಲಕ್ಕೆ ಸೇರಿದ ಕೌಶಲಗಳು ಅದೇ ಅವಧಿಯಲ್ಲಿ 10 ಸಲ ಏರಿರಬೇಕು. ಇತ್ತ ನಾಯಕನ ಲೆವೆಲ್ ಏರಿದಂತೆ ಶತ್ರುಗಳೂ ಏರುತ್ತಾರೆ. ಹೀಗಾಗಿ ಮನಸ್ಸಿಗೆ ಬಂದಂತೆ ಆಡಿದವನು ಮುಂದೆ ಹೋದಂತೆಲ್ಲ ದುರ್ಬಲನಾಗುತ್ತಾನೆ. ದಾರಿಯಲ್ಲಿ ಅಡ್ಡಹಾಕಿ 100 ನಾಣ್ಯ ಕೇಳುವ ದರೋಡೆಕೋರನು ಒಂದು ಹಂತದ ನಂತರ ಅದಕ್ಕಿಂತ ಎಷ್ಟೋ ಪಾಲು ಬೆಲೆಬಾಳುವ ಗಾಜಿನ ಕವಚ ತೊಟ್ಟು ನಿಂತಿರುತ್ತಾನೆ! ಇದನ್ನು ತಪ್ಪಿಸಲು ಅನುಭವಸ್ಥ ಆಟಗಾರರು ತಾವು ಬಳಸದ ಕೌಶಲಗಳನ್ನೇ ಮುಖ್ಯವೆಂದು ಆರಿಸಿ, ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಏರಿಕೆಗಳ ಲೆಕ್ಕ ಬರೆಯುತ್ತಿದ್ದರು. ಇಷ್ಟು ಚೆಲುವಾದ ಕಾಡು, ಕೋಟೆ, ಊರುಗಳ ನಡುವೆ ಮನಸ್ಸು ಲೆಕ್ಕದ ಪಟ್ಟಿಯಲ್ಲಿ ಸಿಕ್ಕಿಕೊಳ್ಳುವುದು ನನಗೆ ನಿಜಕ್ಕೂ ನೋವಿನ ಸಂಗತಿ. 2011ರ ‘ಸ್ಕೈರಿಮ್’ ಆ ಎಂಟು ಗುಣಗಳನ್ನೇ ಕಿತ್ತುಹಾಕಿದ್ದು ಸರಿಯಾದ ನಿರ್ಧಾರ. ಅಲ್ಲಿಯೂ ಜನ ಕಬ್ಬಿಣದ ಚೂರಿಗಳನ್ನು ರಾಶಿ ರಾಶಿ ಬಡಿದು ಕಮ್ಮಾರಿಕೆಯಲ್ಲಿ ಪಳಗಿದರು ಎನ್ನುವುದು ಬೇರೆ ಮಾತು.

ಹಾಗಾದರೆ ನೈಜತೆಯನ್ನೇ ಬಿಟ್ಟುಬಿಡಬೇಕೆ? ಬೇಡ ಎನ್ನುವುದಕ್ಕೆ ಜೆಕ್ ದೇಶದ ವಾರ್‌ಹಾರ್ಸ್ ಸ್ಟುಡಿಯೋಸ್ 2018ರಲ್ಲಿ ತಂದ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಸಾಕ್ಷಿ. ಕಥೆ ನಡೆಯುವುದು 1403ರ ಬೊಹೀಮಿಯಾದಲ್ಲಿ, ಅಂದರೆ ಇಂದಿನ ಜೆಕ್ ದೇಶದ ಒಂದು ಭಾಗದಲ್ಲಿ. ನಾಯಕ ಹೆನ್ರಿ ಕಮ್ಮಾರನ ಮಗ. ಅವನಿಗೆ ಓದು ಬರುವುದಿಲ್ಲ. ಪುಸ್ತಕ ತೆರೆದರೆ ಪದಗಳೊಳಗಿನ ಅಕ್ಷರಗಳು ಅದಲುಬದಲಾಗಿ ಕಾಣುತ್ತವೆ. ಉಝಿಟ್ಸ್ ಎಂಬ ಹಳ್ಳಿಯ ಲಿಪಿಕಾರನ ಬಳಿ ಕಲಿತ ಮೇಲೂ ಪುಟ ಒಮ್ಮೆಗೇ ತಿಳಿಯಾಗುವುದಿಲ್ಲ. ಓದುತ್ತ ಹೋದಂತೆ ಒಂದೊಂದೇ ಪದ ನೆಟ್ಟಗಾಗುತ್ತದೆ. ಲೆವೆಲ್ ಏರಿತೆಂಬುದನ್ನು ಆಟಗಾರ ಅಂಕಿಯಲ್ಲಿ ನೋಡುವುದಕ್ಕಿಂತ ಮೊದಲು ತನ್ನ ಕಣ್ಣಿನಿಂದಲೇ ಅರಿಯುತ್ತಾನೆ. ಕತ್ತಿವರಸೆಯೂ ಹಾಗೆಯೇ. ಸೈನಿಕರ ನಾಯಕ ಬರ್ನಾರ್ಡ್ ಮರದ ಕತ್ತಿ ಕೊಟ್ಟು ಅಭ್ಯಾಸ ಮಾಡಿಸುವಾಗ ಹೆನ್ರಿಯ ಅಂಕಗಳೊಂದಿಗೆ, ಯಾವ ಕ್ಷಣಕ್ಕೆ ತಡೆಯಬೇಕು, ಯಾವ ಕಡೆಯಿಂದ ಬೀಸಬೇಕು ಎಂಬ ನಮ್ಮ ಬೆರಳುಗಳ ತಿಳಿವಳಿಕೆಯೂ ಬೆಳೆಯುತ್ತದೆ. ನಾಯಕನ ಕಲಿಕೆ ಮತ್ತು ಆಟಗಾರನ ಕಲಿಕೆ ಒಟ್ಟಿಗೆ ಸಾಗುವಾಗ ನೈಜತೆ ಮತ್ತು ಮೋಜಿನ ನಡುವೆ ಜಗಳವೇ ಉಳಿಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಆಟದಲ್ಲಿಯೂ ಕೊರತೆ ಇದೆ. ಬರ್ನಾರ್ಡ್ ಕಲಿಸುವ ಮರುಹೊಡೆತವೊಂದು ಕೈಗೆ ಹತ್ತಿ, ಬಲವೂ ಮೇಲಿನ ಹಂತಕ್ಕೆ ಏರಿದ ನಂತರ ಒಬ್ಬರೆದುರು ಒಬ್ಬರು ನಿಂತು ಮಾಡುವ ಕಾಳಗ ಸಪ್ಪೆಯಾಗುತ್ತದೆ. ಎದುರಾಳಿ ಕತ್ತಿ ಬೀಸುವುದನ್ನು ಕಾದು, ಒಂದೇ ಗುಂಡಿ ಒತ್ತುತ್ತ ಕೂತರೆ ಸಾಕು. ಆದರೆ ಮೂವರು ದರೋಡೆಕೋರರು ಒಟ್ಟಿಗೆ ಮುತ್ತಿದಾಗ ಅದೇ ಹೆನ್ರಿ ಹಿಂದೆ ಸರಿಯುತ್ತ, ಬೆನ್ನು ಕಾಯ್ದುಕೊಳ್ಳುತ್ತ ಹೋರಾಡಬೇಕಾಗುತ್ತದೆ, ಮತ್ತು ಅಲ್ಲಿ ಅಂಕಗಳಿಗಿಂತ ಆಟಗಾರ ಎಲ್ಲಿ ನಿಂತಿದ್ದಾನೆ ಎಂಬುದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಮಸ್ಕಾರ.