ಒಂದು ರೈಫಲ್, ಒಂದು ಸ್ಕೋಪ್, ಒಂದು ಲೆಕ್ಕದ ಪುಸ್ತಕ

(ಚಿತ್ರದುರ್ಗದಲ್ಲಿ ಎನ್‌ಸಿಸಿ ವಿದ್ಯಾರ್ಥಿಗಳು ಮತ್ತು ಆಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಿದೆ ಅಲ್ವಾ?

ನಾನು ಕೋಚ್ ಅಲ್ಲ, ಪದಕ ಗೆದ್ದವನೂ ಅಲ್ಲ. ದಾವಣಗೆರೆಯಲ್ಲಿ ಲೇತ್ ವರ್ಕ್‌ಶಾಪ್ ನಡೆಸುತ್ತಿದ್ದೆ, ಈಗ ಮಗ ನೋಡಿಕೊಳ್ಳುತ್ತಾನೆ. ಭಾನುವಾರ ಬಂತೆಂದರೆ ಇಲ್ಲೇ ಊರಾಚೆ ಇರುವ ನಮ್ಮ ತೋಟಕ್ಕೆ ಬಂದು ಏರ್ ರೈಫಲ್ ಹಿಡಿದು ಕೂರುತ್ತೇನೆ. ಒಂದು ಕಾಲಕ್ಕೆ ನನ್ನ ಹತ್ತಿರ ಮೂರು ಇದ್ದವು. ಗುರಿ ತಪ್ಪಿದಾಗಲೆಲ್ಲ ರೈಫಲ್ ಸರಿಯಿಲ್ಲ ಅಂತ ಇನ್ನೊಂದು ತರುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಲ್ಲ, ಹಾಗೆ. ಈಗ ಒಂದೇ ಇದೆ. ಆರು ವರ್ಷದಿಂದ ಅದೇ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 2016ರ ಆಯುಧ ನಿಯಮಗಳ ಪ್ರಕಾರ ಏರ್ ರೈಫಲ್ಲಿನ ನಳಿಗೆಯ ಒಳವ್ಯಾಸ 0.177 ಇಂಚು, ಅಂದರೆ 4.5 ಮಿಮೀ ಮೀರಬಾರದು. ಪೆಲೆಟ್, ಅಂದರೆ ಅದರ ಸಣ್ಣ ಗುಂಡು, ನಳಿಗೆಯಿಂದ ಹೊರಬೀಳುವಾಗಿನ ಶಕ್ತಿ 20 ಜೂಲ್ ಮೀರಬಾರದು. ಅಷ್ಟರೊಳಗಿದ್ದರೆ ಲೈಸೆನ್ಸ್ ಬೇಡ. ಹಕ್ಕಿ, ಮೊಲ ಅಂತ ಮಾತ್ರ ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಕಾಯ್ದೆ ಇಲ್ಲದಿದ್ದರೂ ಅದು ನನಗೆ ಸೇರುವುದಿಲ್ಲ. ಗುರಿ ಅಂದರೆ ಕಾಗದ. ಕಾಗದದ ಹಿಂದೆ ಮರಳಿನ ಚೀಲ. ಅದರ ಹಿಂದೆ ಯಾರೂ ಓಡಾಡದ ಜಾಗ.

ಈಗ ಸ್ಕೋಪ್, ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನಿನ ವಿಷಯ. ನನ್ನದು 3-9×40. ನೋಟವನ್ನು 3 ಪಟ್ಟಿನಿಂದ 9 ಪಟ್ಟಿನವರೆಗೆ ಹಿಗ್ಗಿಸಬಹುದು, ಮುಂದಿನ ಗಾಜು 40 ಮಿಮೀ. ಇದಕ್ಕೂ ಮೊದಲು ಒಂದು ಸ್ಕೋಪ್ ಕೊಂಡಿದ್ದೆ. ಅಂಗಡಿಯವನು "ಯಾವ ಗನ್ನಿಗೆ ಬೇಕಾದರೂ ಹಾಕಿ ಸಾರ್" ಅಂದ. ತಿಂಗಳೊಳಗೆ ಗುರಿ ಹಿಡಿಯುವ ಒಳಗಿನ ಗೆರೆಗಳು ಓರೆಯಾಗಿ ತಿರುಗಿ ನಿಂತವು. ಕಾರಣ ಆಮೇಲೆ ತಿಳಿಯಿತು. ನನ್ನದು ಸ್ಪ್ರಿಂಗ್ ರೈಫಲ್, ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಗಾಳಿಯನ್ನು ಒತ್ತುತ್ತದೆ. ಆ ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಬಡಿದು ನಿಂತ ಕ್ಷಣ ಮುಂದಕ್ಕೂ ಜಗ್ಗುತ್ತದೆ. ಎರಡೂ ಕಡೆಯ ಹೊಡೆತ. ಒಂದೇ ಕಡೆಯ ಒದೆತಕ್ಕೆ ಮಾಡಿದ ಸ್ಕೋಪ್ ಇದನ್ನು ತಾಳುವುದಿಲ್ಲ. ಯಂತ್ರದ ಜೊತೆಗೇ ಬದುಕಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಇನ್ನೊಂದು ಪರೀಕ್ಷೆ ಇಲ್ಲೇ ಮಾಡೋಣ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಆ ಗೋಡೆ ಗಡಿಯಾರಕ್ಕೆ ಅಡ್ಡ ಹಿಡಿಯಿರಿ. ತಲೆ ಸ್ವಲ್ಪ ಪಕ್ಕಕ್ಕೆ ಸರಿಸಿ. ಬೆರಳು ಗಡಿಯಾರ ಬಿಟ್ಟು ಓಡಿತಾ? ಅದೇ ಪ್ಯಾರಲಾಕ್ಸ್. ಸಾಮಾನ್ಯ ಸ್ಕೋಪುಗಳನ್ನು ನೂರು ಗಜಕ್ಕೆ ಹೊಂದಿಸಿರುತ್ತಾರೆ. ನಾವು ಹೊಡೆಯುವುದು 10, 25 ಮೀಟರಿಗೆ. ಕಣ್ಣು ಚೂರು ಆಚೀಚೆ ಆದರೂ ಗುರಿ ಸರಿದಂತೆ ಕಾಣುತ್ತದೆ. ಅದಕ್ಕೇ ಬಳೆ ತಿರುಗಿಸಿ 10 ಮೀಟರಿಗೂ ಹೊಂದಿಸಬಹುದಾದ ಸ್ಕೋಪನ್ನೇ ಕೇಳಿ ತೆಗೆದುಕೊಳ್ಳಿ.

ಸ್ಕೋಪನ್ನು ನೇರ ಕೂರಿಸುವುದಕ್ಕೆ ನಾನು ಗಾರೆ ಕೆಲಸದವರ ಉಪಾಯ ಹಿಡಿದೆ. ದನದ ಕೊಟ್ಟಿಗೆಯ ತೊಲೆಗೆ ದಾರ ಕಟ್ಟಿ, ತುದಿಗೆ ಒಂದು ದೊಡ್ಡ ನಟ್ಟು ಇಳಿಬಿಟ್ಟೆ. ರೈಫಲ್ ವಾಲದ ಹಾಗೆ ಮರಳಿನ ಚೀಲದ ಮೇಲೆ ಮಲಗಿಸಿ, ಮಟ್ಟ ನೋಡಿ, ಸ್ಕೋಪಿನ ನಿಲುಗೆರೆ ಆ ದಾರಕ್ಕೆ ಕೂಡುವವರೆಗೆ ತಿರುಗಿಸಿದೆ. ಕಣ್ಣಿಗೂ ಸ್ಕೋಪಿಗೂ ನಡುವೆ ಎಂಟೊಂಬತ್ತು ಸೆಂಟಿಮೀಟರ್ ಬಿಟ್ಟೆ. ಆಮೇಲೆ ಸ್ಕ್ರೂ ಬಿಗಿ. ಒಂದನ್ನೇ ಪೂರ್ತಿ ಬಿಗಿಯುವುದಲ್ಲ, ಕಾರಿನ ಚಕ್ರದ ಹಾಗೆ ಆಚೆ ಸ್ವಲ್ಪ, ಈಚೆ ಸ್ವಲ್ಪ. ಕೊನೆಗೆ ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ಮೌಂಟಿನ ಅಂಚಿಗೆ ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆದೆ. ಗೆರೆ ಒಡೆದು ಕಂಡರೆ ಮೌಂಟ್ ಜಾರಿದೆ ಅಂತ ಅರ್ಥ. (ನೇಲ್ ಪಾಲಿಶ್ ಮನೆಯವರದು. ಅದರ ಜಗಳ ಬೇರೆ ಕಥೆ.)

ಝೀರೋ ಮಾಡುವುದು ಅಂದರೆ ಗೆರೆ ಇಟ್ಟ ಕಡೆಯೇ ಪೆಲೆಟ್ ಬೀಳುವ ಹಾಗೆ ಸ್ಕೋಪ್ ಹೊಂದಿಸುವುದು. ಆಗ ಐದೈದು ಹೊಡೆತದ ಗುಂಪು ನೋಡಿ. ಒಂದೇ ತೂತು ನೋಡಿ ಸ್ಕೋಪಿನ ಗುಂಡಿ ತಿರುಗಿಸಬೇಡಿ. ಅದು ಕ್ಲಿಕ್ ಕ್ಲಿಕ್ ಅಂತ ಒಂದೊಂದೇ ಹೆಜ್ಜೆ ತಿರುಗುತ್ತದೆ. ಸ್ಕೋಪಿನ ಮೇಲೆ ಒಂದು ಕ್ಲಿಕ್ಕಿಗೆ ನೂರು ಗಜದಲ್ಲಿ ಕಾಲು ಇಂಚು ಅಂತ ಬರೆದಿರುತ್ತದೆ. 10 ಮೀಟರಿಗೆ ಅದು ಸುಮಾರು 0.7 ಮಿಮೀ ಮಾತ್ರ. ಗುಂಪು 14 ಮಿಮೀ ಕೆಳಗಿದ್ದರೆ ಇಪ್ಪತ್ತು ಕ್ಲಿಕ್ ಬೇಕು. ಎರಡು ಕ್ಲಿಕ್ ತಿರುಗಿಸಿ "ಸ್ಕೋಪ್ ಕೆಲಸ ಮಾಡ್ತಿಲ್ಲ" ಅನ್ನುವವರು ಜಾಸ್ತಿ.

ಸ್ಕೋಪ್ ನಳಿಗೆಗಿಂತ ನಾಲ್ಕೈದು ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ಕಣ್ಣಿನ ಗೆರೆ ನೇರ, ಪೆಲೆಟ್ ಹೋಗುವ ದಾರಿ ಬಿಲ್ಲು. ನನ್ನದನ್ನು 25 ಮೀಟರಿಗೆ ಝೀರೋ ಮಾಡಿದ್ದೇನೆ. ಯಾವ ದೂರಕ್ಕೆ ಪೆಲೆಟ್ ಗುರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಬೀಳುತ್ತದೆ ಅಂತ ಬರೆದಿಟ್ಟ ನನ್ನ ಪುಸ್ತಕದಲ್ಲಿ ಹೀಗಿದೆ: 10 ಮೀಟರಿಗೆ ಅರ್ಧ ಸೆಂಟಿಮೀಟರಿನಷ್ಟು ಕೆಳಗೆ, 18ಕ್ಕೆ ಅಷ್ಟೇ ಮೇಲೆ, 35ಕ್ಕೆ ನಾಲ್ಕು ಸೆಂಟಿಮೀಟರ್ ಕೆಳಗೆ. ನಿಮ್ಮದು ಬೇರೆ ಇರುತ್ತದೆ. ಪೆಲೆಟ್ ಬದಲಾದರೆ ನನ್ನದೂ ಬೇರೆ. ಮೂರು ರೈಫಲ್ ಇಟ್ಟುಕೊಂಡಿದ್ದಾಗ ಇದ್ಯಾವುದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದಾದ ಮೇಲೆ ಮಗ್ಗಿ ಥರ ಬಾಯಿಗೆ ಬಂತು. ನಾಲ್ಕು ದೂರಕ್ಕೆ ನಾಲ್ಕು ರೈಫಲ್ ಯಾಕೆ ಬೇಡ ಅನ್ನುವುದಕ್ಕೆ ನನ್ನ ಉತ್ತರ ಇಷ್ಟೇ.

ಇನ್ನು ಗಾಳಿ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಆಷಾಢದಲ್ಲಿ ಅಡ್ಡಗಾಳಿ 25 ಮೀಟರಿನೊಳಗೇ ಪೆಲೆಟ್ಟನ್ನು ಎರಡು ಬೆರಳು ಸರಿಸುತ್ತದೆ. ಟಾರ್ಗೆಟ್ ಪಕ್ಕ ಒಂದು ಉಲ್ಲನ್ ದಾರ ಕಟ್ಟುತ್ತೇನೆ. ಅದು ಇಳಿಬಿದ್ದಾಗ ಟ್ರಿಗರ್. ಎಂಟು ಗಂಟೆಯೊಳಗೆ ಮುಗಿಸಿದರೆ ಈ ರಗಳೆ ಕಡಿಮೆ, ಆಮೇಲೆ ದೋಸೆ ತಿನ್ನುವುದಕ್ಕೂ ಸಮಯ ಸಿಗುತ್ತದೆ.

ಎನ್‌ಸಿಸಿಯಲ್ಲಿ .22 ರೈಫಲ್ (ಮದ್ದಿನ ಗುಂಡಿನದು) ಹಾರಿಸಿದವರಿಗೆ ಭುಜಕ್ಕೆ ಗಟ್ಟಿ ಒತ್ತಿ ಹಿಡಿಯುವುದು ಅಭ್ಯಾಸ. ಸ್ಪ್ರಿಂಗ್ ರೈಫಲ್ ಅದಕ್ಕೆ ಉಲ್ಟಾ. ಪೆಲೆಟ್ ನಳಿಗೆ ಬಿಡುವ ಮೊದಲೇ ಅದು ಅಲುಗಲು ಶುರು ಮಾಡಿರುತ್ತದೆ. ಬಿಗಿ ಹಿಡಿತ ಪ್ರತಿಸಲವೂ ಒಂದೇ ಥರ ಇರುವುದಿಲ್ಲ, ಗುಂಪು ಚದುರುತ್ತದೆ. ಎಡ ಅಂಗೈ ಮೇಲೆ ಸುಮ್ನೆ ಮಲಗಿಸಿ, ಅದರಷ್ಟಕ್ಕೆ ಒದೆಯಲು ಬಿಡಿ. 9 ಪಟ್ಟಿನಲ್ಲಿ ನೋಡಿದರೆ ನಿಮ್ಮ ಎದೆಬಡಿತವೇ ಕಾಣುತ್ತದೆ. ಅದಕ್ಕೆ ನಿಂತು ಹೊಡೆಯುವಾಗ ನಾನು 4ಕ್ಕೆ ಇಳಿಸುತ್ತೇನೆ, ಕೂತಾಗ ಮಾತ್ರ 9.

ಆಗಲೇ ಒಬ್ಬ ಹುಡುಗಿ ಕೇಳಿದಳು, ಒಲಿಂಪಿಕ್ಸಿನಲ್ಲೂ ಸ್ಕೋಪ್ ಇರುತ್ತಾ ಸಾರ್ ಅಂತ. ಇಲ್ಲಮ್ಮ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ಲಿನಲ್ಲಿ ಚಿನ್ನ ಗೆದ್ದದ್ದು ಗಾಜಿಲ್ಲದ ಕಿಂಡಿಯಲ್ಲಿ ನೋಡಿ. ಅಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಓಬವ್ವನ ಕಿಂಡಿ ನೋಡಿದ್ದೀರಲ್ಲ? ಸಣ್ಣ ಕಿಂಡಿಯಲ್ಲಿ ಕಣ್ಣು ತಾನಾಗಿ ನಡುವಿಗೆ ಬಂದು ಕೂರುತ್ತದೆ. ಬಿಂದ್ರಾ ನೋಡಿದ ಆ ಕಿಂಡಿಗೆ ಪೀಪ್ ಸೈಟ್ ಅಂತಾರೆ, ಅದರ ಗುಟ್ಟೂ ಅದೇ. ಸ್ಪರ್ಧೆಗೆ ಹೋಗುವ ಆಸೆ ಇದ್ದವರು ನನ್ನ ಸ್ಕೋಪಿನ ಮಾತು ಮರೆತು ಅದನ್ನೇ ಕಲಿಯಿರಿ.

ರೈಫಲ್ ಹೊರಗೆ ಮೇಜಿನ ಮೇಲಿದೆ, ಪಕ್ಕದಲ್ಲಿ ಪುಸ್ತಕವೂ ಇದೆ. ಖಾಲಿ ಅಂತ ನಾನೇ ನೋಡಿ ಇಟ್ಟಿದ್ದೇನೆ. ಆದರೂ ಕೈಗೆ ತೆಗೆದುಕೊಂಡವರು ನಳಿಗೆ ಬಾಗಿಸಿ ಇನ್ನೊಮ್ಮೆ ನೋಡಿ, ಆಮೇಲೆ ಗೋಡೆ ಕಡೆ ಹಿಡಿಯಿರಿ. ಸ್ಕೋಪಿನ ಗುಂಡಿ ಮಾತ್ರ ತಿರುಗಿಸಬೇಡಿ ಮಾರಾಯ್ರೆ, ಭಾನುವಾರ ನನಗೆ ಬೇಕು.