ನಂದಿ ಬೆಟ್ಟದಲ್ಲಿ ಇಳಿದ ನೀಲಗಿರಿ, ನಮ್ಮ ಲೇಔಟಿನಲ್ಲಿ ಕಾಣದ ಹೊಂಗೆ

[ದೃಶ್ಯ: ಹೊಸ ಲೇಔಟಿನ ಪಾರ್ಕು, ಸಾಲು ಸಿಲ್ವರ್ ಓಕ್]

ನಮಸ್ಕಾರ. ಚಿಕ್ಕಬಳ್ಳಾಪುರದ ವೀಕ್ಷಕರೊಬ್ಬರ ಪ್ರಶ್ನೆ: "ನಮ್ಮ ಲೇಔಟಿನಲ್ಲಿ ಒಂದು ಹೊಂಗೆ ಗಿಡವೂ ಇಲ್ಲ. ನಮ್ಮ ನೆಲದ ಮರಾನೇ ನೆಡಬೇಕು ಅಂತ ಕಾನೂನು ಇಲ್ವಾ?"

ಇಲ್ಲಿ ನೋಡಬೇಕಾದ್ದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಮರ ಕಡಿಯಲು ವೃಕ್ಷಾಧಿಕಾರಿಯ, ಅಂದರೆ ಈ ಕಾಯ್ದೆಯಡಿ ನೇಮಕವಾದ ಅರಣ್ಯಾಧಿಕಾರಿಯ, ಅನುಮತಿ ಬೇಕು. ಕಡಿದರೆ ಬೇರೆ ಗಿಡ ನೆಡಬೇಕು. ಅದೇ ಜಾತಿಯದ್ದಾದರೂ ಸರಿ, ಸೂಕ್ತವಾದ ಬೇರೆ ಜಾತಿಯದ್ದಾದರೂ ಸರಿ. ಸ್ಥಳೀಯ ಮರವೇ ಆಗಬೇಕು ಅಂತ ಅಲ್ಲಿ ಹೇಳಿಲ್ಲ.

ಇನ್ನೊಂದು ವಿಷಯ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಕಡಿಯಲು ಈ ಅನುಮತಿಯೇ ಬೇಡ. ಹೊಂಗೆಗೆ ಬೇಕು. ಹಾಗಿದ್ದರೆ ಲೇಔಟ್ ಮಾಡುವವರು ಯಾವುದನ್ನು ನೆಡುತ್ತಾರೆ? ನಮ್ಮ ಮರವನ್ನು ಕಾಯಬೇಕಾದ ನಿಯಮವೇ ಅದನ್ನು ನೆಡದಂತೆ ಮಾಡಬಹುದು. ಇದು ನನಗೆ ತುಂಬಾ ಬೇಸರದ ವಿಷಯ.

[ದೃಶ್ಯ: ನಂದಿ ಬೆಟ್ಟ]

ಈಗ ನನಗೆ ತುಂಬಾ ಇಷ್ಟವಾದ ಭಾಗ. ನೀಲಗಿರಿ ಆಸ್ಟ್ರೇಲಿಯಾದ ಮರ. ಅದು ನಮ್ಮ ದೇಶಕ್ಕೆ ಮೊದಲು ಬಂದಿದ್ದು ಎಲ್ಲಿಗೆ ಗೊತ್ತಾ? ಇದೇ ನಂದಿಗೆ! 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ತನ್ನ ತೋಟದಲ್ಲಿ ನೆಡಿಸಿದ ಎಂದು ಅರಣ್ಯ ಇತಿಹಾಸ ಬರೆದವರು ಹೇಳುತ್ತಾರೆ. ಮುಂದೆ ದೇಶದ ತುಂಬಾ ಹರಡಿದ 'ಮೈಸೂರು ಗಮ್' ಎಂಬ ನೀಲಗಿರಿ ತಳಿಯ ಮೂಲವೂ ಈ ಬೆಟ್ಟದ ಮರಗಳೇ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ, ಅಂದರೆ ಊರಿನ ಮತ್ತು ರೈತರ ಜಮೀನಿನಲ್ಲಿ ಮರ ಬೆಳೆಸುವ ಯೋಜನೆಯ, ಹೆಸರಿನಲ್ಲಿ ಅದು ಕೋಲಾರದ ರಾಗಿ ಹೊಲಗಳಿಗೂ ಇಳಿಯಿತು. ಆಗ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಯಲ್ಲೇ ಇತ್ತು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಸೀಮೆ ಇದು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ, ಅಕೇಶಿಯಾ ನೆಡಬಾರದು ಎಂದು ಆದೇಶ ಹೊರಡಿಸಿತು. ಈ ಮರಗಳು ನೀರು ಹೀರಿ ಅಂತರ್ಜಲ ಕುಸಿಯುತ್ತಿದೆ ಎಂಬುದೇ ಅದಕ್ಕೆ ದೊಡ್ಡ ಕಾರಣ. ನಂದಿಯಿಂದ ಹೊರಟ ಮರಕ್ಕೆ ನಂದಿಯ ಸುತ್ತಲೇ ತಡೆ!

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ವಿದೇಶಿ ಮರವೆಲ್ಲಾ ಕೆಟ್ಟದ್ದಲ್ಲ. ಹುಣಸೆ ಆಫ್ರಿಕಾದ್ದು. ಆದರೂ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದು ಹುಣಸೆ ಮರಗಳಲ್ಲೇ. ಹೊಂಗೆ, ಬೇವು, ಹಿಪ್ಪೆ, ನೇರಳೆ, ಅತ್ತಿ ನಮ್ಮ ಒಣ ನೆಲಕ್ಕೆ ಒಗ್ಗಿದವು. ಹಳ್ಳಿಯ ಗುಂಡುತೋಪುಗಳಲ್ಲಿ ಈಗಲೂ ಸಿಗುತ್ತವೆ. ಆದರೆ ಅತ್ತಿಯನ್ನು ಗೋಡೆ, ಪೈಪಿನ ಹತ್ತಿರ ನೆಡಬೇಡಿ.

ನಿಮ್ಮ ಪಾರ್ಕಿನ ಗಿಡಗಳ ಪಟ್ಟಿ ಇನ್ನೂ ಅಂತಿಮವಾಗಿಲ್ಲವಾದರೆ ನಗರಸಭೆಗೆ ಈಗಲೇ ಅರ್ಜಿ ಬರೆಯಿರಿ. ಬೇಕಾದ ಮರಗಳ ಹೆಸರನ್ನೂ ಅದರಲ್ಲೇ ಬರೆಯಿರಿ. ಸಸಿಗಳಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿ.